ಬಿದಿರು ಗಳಕ್ಕೆ ಕಟ್ಟಿದ ಚಪ್ಪಲಿ

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ನಿಡಗುಂದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದರು. ದೃಷ್ಟಿಯಾಗಬಾರದೆಂದು ಮುಂಬಾಗಿಲ ಮೇಲೆ ಒಂದು ಹಳೆಯ ಚಪ್ಪಲಿ ಕಟ್ಟಿದ್ದರು. ನಮ್ಮ ಕಡೆ ಇದೇನು ಹೊಸದಲ್ಲ, ಯಾರೂ ತಿರುಗಿ ಸಹ ನೋಡುವುದಿಲ್ಲ. ನಾನು ಮಾತ್ರ ಅದನ್ನೇ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ನನಗೆ ವಾಚರ್ ಕಾಕಾ ನೆನಪಾಗಿದ್ದರು.

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಹಕ್ಕಿಗಳನ್ನೂ, ಹಕ್ಕಿ ನೋಡಲು ಬರುವ ಮಂದಿಯನ್ನೂ ಕಾಯುತ್ತಿದ್ದವರು ಅವರು. ತಗಡಿನ ಶೆಡ್ಡು, ಬಿದಿರಿನ ಏಣಿ, ಕೊರಳಲ್ಲೊಂದು ಸೀಟಿ… ಇಷ್ಟೇ ಅವರ ಸರಂಜಾಮು. ಎರಡರಲ್ಲಿ ಹಕ್ಕಿ ಕಾಯುವುದೇ ಹಗುರವಂತೆ. “ಹಕ್ಕಿಗೆ ಒಮ್ಮೆ ಸೀಟಿ ಊದಿದ್ರ ತಿಳೀತೈತ್ರಿ, ಮಂದಿಗೆ ಎಲ್ಲಿ ತಿಳೀತೈತಿ?” ಅನ್ನುತ್ತಿದ್ದರು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಅಲ್ಲಿ ದೊಡ್ಡ ಬಯಲು ಏಳುತ್ತದೆ. ಹೊಳೆಯ ಹಕ್ಕಿಗಳು ಗೂಡಿಲ್ಲ ಗೀಡಿಲ್ಲ, ಬರೀ ನೆಲದ ಮೇಲೆ ತತ್ತಿ ಇಡುತ್ತವೆ. ಮಣ್ಣಿನ ಬಣ್ಣದ್ದೇ ತತ್ತಿ, ತುಳಿದರೂ ತಿಳಿಯುವುದಿಲ್ಲ. ಆ ಬಯಲಿನಲ್ಲಿ ಕೆಲವು ಕಡೆ ಮೇಲೆ ಒಣಗಿ ಬಿರುಕುಬಿಟ್ಟ ಮಣ್ಣು, ಒಳಗೆ ಆಳವಾದ ರಾಡಿ. ಎಲ್ಲಿ ಕಾಲು ಹೂತುಹೋಗುತ್ತದೆ ಎನ್ನುವುದು ಕಾಕಾಗೆ ಗೇಣು ಗೇಣೂ ಗೊತ್ತಿತ್ತು. ಯಾಕೆಂದರೆ ಹಿನ್ನೀರಿನಲ್ಲಿ ಮುಳುಗುವ ಮುನ್ನ ಅದು ಅವರದೇ ಹೊಲ. ಅಂಥ ಜಾಗದ ಅಂಚಿಗೆ ಬಿದಿರು ಗಳ ನೆಟ್ಟು, ಮುಂದೆ ಬರಬೇಡಿ ಎಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು.

ಅಲ್ಲೇ ಅವರು ಎಡವಿದ್ದು. ಹೊಳೆಯ ದಂಡೆಯಲ್ಲಿ ಗಳ, ಅದಕ್ಕೊಂದು ಕೆಂಪು ಬಟ್ಟೆ ಕಂಡರೆ ನಮ್ಮ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ಯಾರೋ ಒಬ್ಬಳು ಕುಂಕುಮ ಹಚ್ಚಿದ್ದಳು, ಇನ್ನೊಬ್ಬಳು ಹಸಿರು ಬಳೆ ಏರಿಸಿದ್ದಳು. ನೋಡುವಷ್ಟರಲ್ಲಿ ಅದು ಗಂಗವ್ವನ ಸ್ಥಾನವಾಗಿಬಿಟ್ಟಿತ್ತು!

ನಾನು ಮದುವೆಯಾಗಿ ಬಾಗೇವಾಡಿಗೆ ಬಂದ ಮೊದಲ ಬೇಸಿಗೆ. ಗಂಗವ್ವನ ಉಡಿ ತುಂಬಬೇಕೆಂದು ನಮ್ಮತ್ತೆ ನನ್ನನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದರು. ಕಾಕಾ ದೂರದಲ್ಲಿ ಎಮ್ಮೆ ಹೊಡೆದಟ್ಟುತ್ತಿದ್ದರು, ನಮ್ಮನ್ನು ನೋಡಿರಲಿಲ್ಲ. ಅತ್ತೆಗೆ ಯಾವುದಕ್ಕೂ ಅವಸರ. ನಾವು ಬುತ್ತಿ ಇಳಿಸುವಷ್ಟರಲ್ಲಿ ಅವರು ಗಳದ ಹತ್ತಿರ ಚಪ್ಪಲಿ ಬಿಟ್ಟು, ಖಣ ಕಾಯಿ ಇಟ್ಟು, ಪ್ರದಕ್ಷಿಣೆ ಹಾಕಲು ಹೊರಟೇಬಿಟ್ಟರು. ಗಳದ ಆಚೆ ಬದಿಗೆ ಎರಡು ಹೆಜ್ಜೆ ಇಟ್ಟದ್ದಷ್ಟೇ… ಮೊಣಕಾಲ ತನಕ ಹೋದರು. ಒದ್ದಾಡಿದಷ್ಟೂ ಇಳಿದರು. ನಾವು ಚೀರುವಾಗ ತೊಡೆ ಕಾಣುತ್ತಿರಲಿಲ್ಲ.

ನಾನು ಓಡಲು ಕಾಲೆತ್ತಿದೆ. ಸೀಟಿ ಕಿವಿ ಹರಿಯುವ ಹಾಗೆ ಕೇಳಿತು. ಕಾಕಾ ಏಣಿ ಹೆಗಲ ಮೇಲೆ ಹೊತ್ತು ಓಡಿ ಬರುತ್ತಿದ್ದರು.

“ನಿಂದರ್ರಿ! ಒಬ್ರೂ ಕಾಲ ಇಡಬ್ಯಾಡ್ರಿ! ತತ್ತಿ ಅದಾವು!”

ನನಗೆ ಮೈಯೆಲ್ಲ ಉರಿಯಿತು. ಹೊಸ ಸೊಸೆ ಎನ್ನುವುದನ್ನೂ ಮರೆತೆ. “ನಿನ್ನ ತತ್ತಿ ಮಣ್ಣಾಗ ಹೋಗ್ಲಿ! ನಮ್ಮತ್ತಿ ಮುಳಗಾಕತ್ತಾರ, ಕಣ್ಣ ಕಾಣೂದಿಲ್ಲೇನು?” ಎಂದು ಕೂಗಿದೆ.

ಅವರು ನನ್ನತ್ತ ನೋಡಲೂ ಇಲ್ಲ. ನೆಲ ನೋಡುತ್ತ, ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತ ಗಳದ ತನಕ ಹೋಗಿ, ಏಣಿಯನ್ನು ರಾಡಿಯ ಮೇಲೆ ಅಡ್ಡ ಹಾಕಿ, ಅದರ ಮೇಲೆ ಬೋರಲು ಮಲಗಿ ತೆವಳಿಕೊಂಡು ಮುಂದೆ ಹೋದರು. “ಅವ್ವಾರ, ಕುಂತಂಗ ಹಿಂದಕ್ಕ ಒರಗ್ರಿ. ಅಂಜಬ್ಯಾಡ್ರಿ, ಇದು ನಮ್ಮಪ್ಪನ ಬಾವಿ. ಹೂಳು ತುಂಬೇತಿ. ನನಗ ಗೊತ್ತೈತಿ.” ಅತ್ತೆ ಅಳುತ್ತಲೇ ಒರಗಿದರು. ಒಂದೊಂದೇ ಕಾಲನ್ನು ಮೆಲ್ಲಗೆ ಅಲ್ಲಾಡಿಸಿ ಬಿಡಿಸುತ್ತ, ಅವರನ್ನು ಏಣಿಯ ಮೇಲೆ ಎಳೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ… ನನಗಂತೂ ದಿನವೇ ಕಳೆದಂತಾಯಿತು.

ಅತ್ತೆಯನ್ನು ದಂಡೆಗೆ ಕೂರಿಸಿದ ಮೇಲೆ ಕಾಕಾ ಮತ್ತೆ ಹಿಂದಿರುಗಿ ಹೋದರು. ಏಣಿಯ ತುದಿಯ ಕೆಳಗೆ ಎರಡು ತತ್ತಿ ಒಡೆದಿದ್ದವು. ತಾಯಿ ಹಕ್ಕಿ ತಲೆಯ ಮೇಲೆಯೇ ಕಿರುಚಿ ಸುತ್ತುತ್ತಿತ್ತು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಡೆದ ತತ್ತಿಗಳ ಮೇಲೆ ಮಣ್ಣು ಎಳೆದರು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಓಡಿ ಬಂದು ಬಿದ್ದಿದ್ರ, ಇಬ್ಬರನ್ನ ತಗ್ಯಾಕ ನನಗ ಏಣಿ ಒಂದ ಐತಿ ತಂಗಿ,” ಅಂದರು. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಸಮಾಧಾನದಿಂದ ಅಂದರು. ನಾನು ನಾಚಿ ನೀರಾದೆ.

ಅತ್ತೆ ಮಾತ್ರ ಅತ್ತೆಯೇ. ಉಸಿರು ಬಂದದ್ದೇ ತಡ, ತಪ್ಪು ಹುಡುಕಿದರು. “ಕೆಂಪ ಅರಿವಿ ಕಟ್ಟಿದ್ರ ಕೈ ಮುಗಿಯೂದ ಬಿಟ್ಟು ಏನ ಮಾಡ್ಯಾರೋ ಎಪ್ಪಾ? ಹಳೇ ಚಪ್ಪಲಿ ಕಟ್ಟು. ಒಬ್ರೂ ಹಣಕಿ ನೋಡೂದಿಲ್ಲ!” ಎಂದವರೇ ತಮ್ಮ ಚಪ್ಪಲಿ ತರಿಸಿ ಅವರ ಮುಂದೆ ಸರಿಸಿದರು. ಒಂದರ ಪಟ್ಟಿಗೆ ಹಿತ್ತಾಳೆಯ ಪಿನ್ನು ಚುಚ್ಚಿದ್ದರು. ಕಾಕಾ ಮೊದಲ ಸಲ ನಕ್ಕರು. ಕುಂಕುಮ ಒರೆಸಿ ಚಪ್ಪಲಿ ಕಟ್ಟಿದರು. ಅತ್ತೆ ಕಾದ ನೆಲದ ಮೇಲೆ ಕುಣಿಯುತ್ತ ಬಸ್ಸಿನ ತನಕ ಬಂದರು.

ಹೊರಡುವಾಗ ಅತ್ತೆ ಧೋತರ, ತಲೆಗೆ ಸುತ್ತಲು ಪಟಗ ಕಳಿಸುತ್ತೇನೆ ಎಂದಿದ್ದರು. ಕಾಕಾ ಕೈ ಅಲ್ಲಾಡಿಸಿದರು. “ಏನೂ ಬ್ಯಾಡ್ರಿ ಅವ್ವಾರ. ಯುಗಾದಿಯಿಂದ ಮಳಿ ಹಿಡಿಯೂತನಾ ಈ ಕಡೆ ಬರೂದಿಲ್ಲಂತ ಒಂದ ಮಾತ ಕೊಡ್ರಿ. ಚಳಿಗಾಲಕ್ಕ ಬರ್ರಿ, ಹಕ್ಕಿ ನಾನ ತೋರಸ್ತೇನಿ.” ಅತ್ತೆ ಅವರ ಕೈ ಮುಟ್ಟಿ ಮಾತು ಕೊಟ್ಟರು.

ಆಮೇಲೆ ಪ್ರತಿ ಚಳಿಗಾಲವೂ ಹೋದೆವು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಒಯ್ಯುತ್ತಿದ್ದೆವು. ಕಾಕಾ ನಮ್ಮನ್ನು ದಂಡೆಯಲ್ಲೇ ಕೂರಿಸಿ ದೂರದಿಂದ ರಾಜಹಂಸ ತೋರಿಸುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಒಂದು ದಿನವೂ ಆ ಕಡೆ ಸುಳಿಯಲಿಲ್ಲ. ಅತ್ತೆ ತೀರಿಕೊಂಡರು, ನಮ್ಮವರಿಗೆ ಇಂಡಿಗೆ ವರ್ಗವಾಯಿತು, ಹೋಗುವುದು ಹಾಗೇ ತಪ್ಪಿತು…

ಬಸ್ಸು ತಪ್ಪಿದ ಆ ದಿನ ಆಟೋ ಹಿಡಿದು ಹಿನ್ನೀರಿಗೆ ಹೋದೆ. ಶೆಡ್ಡಿನಲ್ಲಿ ಈಗ ಒಬ್ಬ ಹೆಣ್ಣುಮಗಳು ವಾಚರ್. ಕೊರಳಲ್ಲಿ ಅದೇ ಸೀಟಿ. ಕಾಕಾ ಎಲ್ಲಿ ಎಂದು ಕೇಳಿದೆ.

“ಕಾಕಾ ಹೋಗಿ ಎರಡ ವರ್ಷ ಆತ್ರಿ ಅಕ್ಕಾರ,” ಅಂದಳು. “ಬ್ಯಾಸಗ್ಯಾಗ. ತತ್ತಿ ಇಟ್ಟಿದ್ದ ಹೊತ್ತು.”

ಬೇಸಿಗೆಯಲ್ಲಿ. ನಾನು ಊರಲ್ಲಿದ್ದಿದ್ದರೂ ಬರುತ್ತಿರಲಿಲ್ಲ. ಬಾಗೇವಾಡಿಯವಳು ಎಂದಷ್ಟೇ ಹೇಳಿದೆ.

ಅವಳ ಕಣ್ಣುಗಳು ಅರಳಿದವು. “ನೀವ ಏನ್ರಿ! ದರ ಬ್ಯಾಸಗಿ ಹೇಳೂರ್ರಿ ಕಾಕಾ, ‘ಬಾಗೇವಾಡಿಯವ್ರು ಈ ವರ್ಷಾನೂ ಬರಲಿಲ್ಲ ನೋಡವಾ, ಮಾತಿಗೆ ತಪ್ಪೂ ಮಂದಿ ಅಲ್ಲ’ ಅಂತ. ಬಾಳ ಖುಷಿ ಪಡ್ತಿದ್ರು.”

ನೀರು ತುಂಬಿದ ಕಾಲ, ಗಳಗಳೆಲ್ಲ ಶೆಡ್ಡಿನ ಮೂಲೆಯಲ್ಲಿದ್ದವು. ಅವಳು ಒಂದನ್ನು ಎಳೆದು ತೋರಿಸಿದಳು. ಬಿಸಿಲಿಗೆ ಸೆಟೆದ ಚಪ್ಪಲಿ, ಪಟ್ಟಿಯಲ್ಲಿ ಹಿತ್ತಾಳೆಯ ಪಿನ್ನು. ಯಾರೂ ಕೈ ಮುಗಿಯಬಾರದೆಂದೇ ಅತ್ತೆ ಕೊಟ್ಟಿದ್ದು ಅದು. ನಾನು ಕೈ ಮುಗಿದೆ.