ಹುಣಸೆ ಮರದ ಕುಂದಾ

ಉದ್ದಕ್ಕಿರುವ ಯಾವ ವಸ್ತು ಕೈಗೆ ಸಿಕ್ಕಿದರೂ ಹನುಮಂತರಾಯಪ್ಪನವರು ಮೊದಲು ಅದನ್ನು ಬಲಹೆಗಲಿಗೆ ಏರಿಸಿ, ಎಡಗಣ್ಣು ಮುಚ್ಚಿ, ತುದಿಯವರೆಗೂ ಒಮ್ಮೆ ನೋಡುತ್ತಿದ್ದರು. ಕೊಡೆಯಾಗಲಿ, ಕಬ್ಬಿನ ಜಲ್ಲೆಯಾಗಲಿ, ಸಂತೆಯಿಂದ ತಂದ ಹೊಸ ಪೊರಕೆಯಾಗಲಿ, ಆ ಶಾಸ್ತ್ರ ಮುಗಿಯದೆ ಒಳಗೆ ಹೋಗುವಂತಿರಲಿಲ್ಲ. ನಾನು ಬಡವನಹಳ್ಳಿಯ ಶಾಲೆಗೆ ಮೇಷ್ಟರಾಗಿ ಬಂದು, ಅವರ ಮನೆಯ ಪಕ್ಕದ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದ ದಿನ ಅವರ ಹೆಗಲ ಮೇಲಿದ್ದದ್ದು ಒನಕೆ. ಅಂಗಳದ ನಡುವೆ ನಿಂತು ಎದುರು ಸೂರಿನ ಪಾರಿವಾಳಕ್ಕೆ ಗುರಿ ಹಿಡಿದಿದ್ದರು. ಒಳಗಿನಿಂದ ಅವರ ಹೆಂಡತಿ ರಂಗಮ್ಮನವರು, "ಮೆಣಸಿನಕಾಯಿ ಕುಟ್ಟೋಕೆ ಕಾಯ್ತಾ ಕೂತಿವ್ನಿ, ಆ ಒನಕೆ ಕೊಡಿ ಇತ್ಲಾಗೆ" ಎಂದು ಕೂಗುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿದೆನೋ ಇಲ್ಲವೋ, ಒನಕೆಯ ತುದಿ ಸರಕ್ಕನೆ ನೆಲಕ್ಕಿಳಿಯಿತು.

"ಬನ್ನಿ ಬನ್ನಿ. ಯಾರ ಕಡೀಕೂ ತೋರಿಸ್ಬಾರ್ದು ಕಣ್ರಿ, ಒನಕೆ ಆದ್ರೂ ಸರಿಯೇ" ಅಂದರು. ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಊರ ಹೊರಗೆ ಅವರದೊಂದು ಕಡಲೆಕಾಯಿ ಬಿಡಿಸುವ ಮಿಷನ್ನಿತ್ತು. ಅದು ಹೊಟ್ಟೆಪಾಡಿಗೆ. ಜೀವವೆಲ್ಲ ಕೋವಿಗಳ ಮೇಲೆ. ನಡುಮನೆಯಲ್ಲಿ ದೇವರ ಪಟಗಳ ಎದುರು ಗೋಡೆಗೆ ಅವು ಸಾಲಾಗಿ ತೂಗುತ್ತಿದ್ದವು. ಪಾಳೆಯಗಾರರ ಕಾಲದ್ದೆಂದು ಅವರು ನಂಬಿಕೊಂಡಿದ್ದ, ನನಗಿಂತ ಉದ್ದನೆಯ ಬತ್ತಿಕೋವಿಯೊಂದು. ಹೊಲಕ್ಕೆ ಹಂದಿ ಬೀಳದಂತೆ ಅವರ ತಂದೆ ಇಟ್ಟುಕೊಂಡಿದ್ದ ಕೇಪಿನ ಕೋವಿಯೊಂದು. ಇವೆರಡಕ್ಕೂ ಮೇಲೆ, ಒಳ್ಳೇ ಜಾಗದಲ್ಲಿ, ವಿಲಾಯಿತಿ ಜೋಡುನಳಿಗೆ. ಬಂದವರಿಗೆಲ್ಲ ಅದನ್ನು ತೋರಿಸಬೇಕು, ಅದರ ಕತೆ ಹೇಳಬೇಕು. ಕೇಳುವವರ ಕಾಫಿ ಆರಿಹೋಗುತ್ತಿತ್ತು. ಆದರೆ ಕೈಗೆ ಕೊಡುವ ಮುಂಚೆ ನಳಿಗೆ ಮಡಚಿ ಒಳಗೆ ತೋಟಾ ಇಲ್ಲವೆಂದು ನಮಗೆ ತೋರಿಸುತ್ತಿದ್ದರು. ನಾವು ನೋಡಿದ ಮೇಲೆ ತಾವೂ ಇನ್ನೊಮ್ಮೆ ನೋಡುತ್ತಿದ್ದರು. "ತುಂಬಿಲ್ಲ ಅಂತಾರಲ್ಲ, ಆ ಕೋವಿನೇ ಮೇಷ್ಟ್ರೇ ಮನೆ ಹಾಳು ಮಾಡೋದು" ಎಂಬುದು ಅವರ ಮಾತು.

ಆ ಜೋಡುನಳಿಗೆಯನ್ನು ಅವರು ಕೊಂಡದ್ದು ಒಂದು ಸಲ. ತಮ್ಮದಾಗಿ ಮಾಡಿಕೊಂಡದ್ದು ನೂರು ಸಲ. ಹಿಡಿಯುವ ಕಡೆ ಕೈ ಜಾರದಿರಲೆಂದು ಚೌಕುಳಿ ಗೆರೆ ಕೊರೆಸಿದ್ದರು. ಬೆರಳಿಗೆ ಚಳಿಗಾಲದಲ್ಲಿ ತಣ್ಣಗಾಗುತ್ತದೆಂದು ಒಂದು ಕಡೆ ಚರ್ಮ ಸುತ್ತಿಸಿ, ಆಮೇಲೆ ಅದು ಚೆನ್ನಾಗಿ ಕಾಣುವುದಿಲ್ಲವೆಂದು ಬಿಚ್ಚಿಸಿದ್ದರು. ಭಾನುವಾರ ಅದಕ್ಕೆ ಎಣ್ಣೆ ತಿಕ್ಕಲು ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. "ನನ್ ಮದ್ವೇಲಿ ಬಳೆಗೂ ಅಳತೆ ಕೇಳ್ದೇ ಇದ್ದ ಮನುಷ್ಯ ಇವ್ರು. ಅದಕ್ಕಾದ್ರೆ ಗೇಣು ಹಾಕಿ ಹಾಕಿ ಅಳೀತಾರೆ" ಎಂದು ರಂಗಮ್ಮನವರು ನನಗೆ ಚಾಡಿ ಹೇಳುತ್ತಿದ್ದರು. ನಾನೋ, ಪಟಾಕಿಗೂ ಕಿವಿ ಮುಚ್ಚಿಕೊಳ್ಳುವವನು. ಆದರೂ ಅವರು ಮಾತಾಡುವಾಗ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ. ಯಾರಾದರೂ ಒಂದನ್ನು ಅಷ್ಟು ಪ್ರೀತಿಸುವುದನ್ನು ನೋಡುತ್ತ ಕೂರುವುದೇ ಒಂದು ಸುಖ.

ವಿಜಯದಶಮಿಯ ದಿನ, ಬನ್ನಿ ಹಂಚಿಯಾದ ಮೇಲೆ, ಆಸುಪಾಸಿನ ಕೋವಿಯ ಗೀಳಿನವರೆಲ್ಲ ಬಡವನಹಳ್ಳಿಯ ಆಚೆ ಗುಡ್ಡದ ಬುಡಕ್ಕೆ ಸೇರುತ್ತಿದ್ದರು. ಕಳ್ಳಂಬೆಳ್ಳದಿಂದ, ಕೊಳಾಲದಿಂದ ಬರುವವರಿದ್ದರು. ಪಾವಗಡದ ಕಡೆಯಿಂದ ಓಬಳರೆಡ್ಡಿ ಎಂಬ ಆನೆಯಂಥ ಆಸಾಮಿ ಬರುತ್ತಿದ್ದ. ಅರ್ಧ ಕನ್ನಡ, ಅರ್ಧ ತೆಲುಗು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಮಣ್ಣಿನ ಕುಡಿಕೆ; ಅದರ ಮೇಲೆ ಅವರವರ ಗುರುತಿನ ಸುಣ್ಣದ ಬೊಟ್ಟು. ಗುಡ್ಡಕ್ಕೆ ಬೆನ್ನು ಮಾಡಿದ ಕೊಂಬೆಯಿಂದ ಅದನ್ನು ತೂಗುಬಿಟ್ಟು ಹೊಡೆಯಬೇಕು. ವಯಸ್ಸಾಗಿಯೋ ಕಣ್ಣು ಮಂಜಾಗಿಯೋ ಇನ್ನು ಆಗದು ಅನ್ನಿಸಿದವನು ತನ್ನ ಕುಡಿಕೆಯನ್ನು ಮತ್ತೊಬ್ಬನ ಕೈಗೆ ಕೊಟ್ಟುಬಿಡುತ್ತಿದ್ದ. ಅದಕ್ಕೆ ಕುಡಿಕೆ ಬಿಡುವುದು ಅನ್ನುತ್ತಿದ್ದರು. ಕುಡಿಕೆ ಬಿಟ್ಟವನು ಮರುವರ್ಷದಿಂದ ಊಟಕ್ಕಷ್ಟೇ ಬರುವವನು. ಅವನನ್ನು ಯಾರೂ ಹೀಯಾಳಿಸುತ್ತಿರಲಿಲ್ಲ. ಎಲೆಅಡಿಕೆ ತಟ್ಟೆ ಮೊದಲು ಅವನ ಮುಂದೆಯೇ ಇಡುತ್ತಿದ್ದರು. ಹನುಮಂತರಾಯಪ್ಪನವರಿಗೆ ಆ ತಟ್ಟೆಯನ್ನು ಕಂಡರೆ ಆಗುತ್ತಿರಲಿಲ್ಲ.

ಓಬಳರೆಡ್ಡಿ ಪ್ರತಿ ವರ್ಷವೂ ಜೋಡುನಳಿಗೆಯನ್ನು ಕೈಯಲ್ಲಿ ಹಿಡಿದು, "ಅಣ್ಣಾ, ನೀನು ಕುಡಿಕೆ ಬಿಟ್ಟ ದಿನ ಈ ತುಪಾಕಿ ನಾಕೇ ಇಚ್ಚೇಯಿ" ಎಂದು ಕೋವಿಯನ್ನು ತನಗೇ ಕೊಡಬೇಕೆಂದು ಕೇಳುವನು. "ಅದು ನಿನ್ ಮೊಮ್ಮಗನ ಕಾಲಕ್ಕೆ ನೋಡಾನ ಬುಡು" ಎಂದು ಇವರು ನಗುವರು.

ಒಂದು ಬೇಸಿಗೆಯಲ್ಲಿ ಇವರು ಕಪ್ಪು ಕನ್ನಡಕ ಹಾಕಿಕೊಂಡು ಓಡಾಡತೊಡಗಿದರು. ಕೇಳಿದರೆ ಬಿಸಿಲು ಅನ್ನುತ್ತಿದ್ದರು. ನಾನು ನಂಬಿದ್ದೆ. ಒಂದು ಸಂಜೆ ಮಳೆ ಬರುವಂತಿತ್ತೆಂದು ನನ್ನ ಕೊಡೆ ಎರವಲು ಕೇಳಿ ಬಂದರು. ಅಭ್ಯಾಸದಂತೆ ಅದು ಬಲಹೆಗಲಿಗೆ ಏರಿತು. ಆದರೆ ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು, ಮತ್ತು ಅವರು ಮುಚ್ಚಿದ್ದು ಎಡಗಣ್ಣನ್ನಲ್ಲ, ಬಲಗಣ್ಣನ್ನು. ಕತ್ತನ್ನು ಕೊಡೆಯ ಮೇಲಿಂದ ಆಚೆಗೆ ಚಾಚಿ, ಎಡಗಣ್ಣಿನಿಂದ ತುದಿ ನೋಡಲು ಒದ್ದಾಡುತ್ತಿದ್ದರು.

"ಏನಾಯ್ತು ಯಜಮಾನ್ರೇ?" ಅಂದೆ.

ಕನ್ನಡಕ ತೆಗೆದರು. ಬಲಗಣ್ಣಿಗೆ ಹೂ ಬಿದ್ದಿತ್ತು. ಮಿಷನ್ನಿನಿಂದ ಕಡಲೆಕಾಯಿ ಸಿಪ್ಪೆಯ ಚೂರು ಸಿಡಿದು ಬಡಿದಿತ್ತಂತೆ. ನಾಕು ದಿನ ಕೆಂಪಗಿದ್ದು ಹೋಗುತ್ತದೆಂದು ಎಲೆರಸ ಹಿಂಡಿಕೊಂಡು ಸುಮ್ಮನಿದ್ದರಂತೆ. ತುಮಕೂರಿನ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಕಾಲ ಮಿಂಚಿತ್ತು.

"ಕಣ್ ಹೋದ್ದು ಹೋಗ್ಲಿ ಮೇಷ್ಟ್ರೇ, ಇನ್ನೊಂದೈತೆ. ಕೋವೀನ ಗೋಡೆಗೆ ನೇತಾಕ್ಬುಟ್ರೆ ನಾನೂ ಅದರ ಜೊತೇಲಿ ನೇತಾಡ್ದಂಗೆ ಅಲ್ವಾ?" ಅಂದರು. ಕೊಡೆ ಕೊಟ್ಟು ಕಳಿಸಿದೆ.

ಆ ವರ್ಷದ ವಿಜಯದಶಮಿಗೆ ಕೋವಿಯನ್ನು ಎಡಹೆಗಲಿಗೆ ಇಟ್ಟುಕೊಂಡು ಹೊಡೆದರು. ಮಿಷನ್ನಿನ ಹಿಂದೆ ತಿಂಗಳುಗಟ್ಟಲೆ ಕೋಲು ಹಿಡಿದು ಅಭ್ಯಾಸ ಮಾಡಿದ್ದರೂ ಆ ಹೆಗಲು ಕಲಿತಿರಲಿಲ್ಲ. ಗುಂಡು ಗುಡ್ಡದ ಬಂಡೆಗೆ ಬಡಿದು ಧೂಳೆದ್ದಿತು. ಕುಡಿಕೆ ಅಲುಗಾಡಲೂ ಇಲ್ಲ. ಎರಡನೆಯ ನಳಿಗೆಯದೂ ಹಾಗೇ ಆಯಿತು. ಓಬಳರೆಡ್ಡಿ ಗಹಗಹಿಸಿ ನಗುತ್ತಾನೆಂದು ನಾನು ಕಾದಿದ್ದೆ. ಅವನು ನಗದೆ ನೆಲ ನೋಡುತ್ತಿದ್ದ. ಅದೇ ಹನುಮಂತರಾಯಪ್ಪನವರನ್ನು ಕೊಂದುಹಾಕಿತು. ಯಾರೋ ಕುಡಿಕೆಯನ್ನು ಬಿಚ್ಚಿ ತಂದು ಅವರ ಕೈಗಿತ್ತರು. ಇನ್ನು ರೆಡ್ಡಿಯ ಕೈಗೆ ಕೊಡುತ್ತಾರೆಂದು ಎಲ್ಲರೂ ಕಾದರು. ಇವರು ಅದನ್ನು ಕಂಕುಳಲ್ಲಿ ಇರುಕಿಕೊಂಡು, ಊಟಕ್ಕೂ ನಿಲ್ಲದೆ, ಮನೆಯ ದಾರಿ ಹಿಡಿದರು. ನಾನು ಹಿಂದೆ ಹಿಂದೆ ಓಡಿದೆ.

ಆ ಕುಡಿಕೆ ನಡುಮನೆಯ ಗೂಡಿನಲ್ಲಿ ಕೂತಿತು. "ಉಪ್ಪಾದ್ರೂ ಹಾಕಿಡ್ಲಾ?" ಎಂದು ರಂಗಮ್ಮನವರು ಕೇಳಿದರೆ "ಮುಟ್ಬೇಡ" ಎನ್ನುವರು. ಊಟ ಸೇರದು, ಮಾತಿಲ್ಲ, ಭಾನುವಾರದ ಎಣ್ಣೆಯೂ ಇಲ್ಲ. ಒಂದು ಮಧ್ಯಾಹ್ನ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ರಂಗಮ್ಮನವರಿಗೆ ರೇಗಿಹೋಯಿತು. ಮುದ್ದೆಯನ್ನು ತಟ್ಟೆಗೆ ಕುಕ್ಕಿ, "ಕಣ್ಣು ಕೋವಿ ತಾವ ಹೋಗ್ದಿದ್ರೆ ಕೋವೀನೇ ಕಣ್ಣಿನ ತಾವ ಕರ್ಕಬನ್ನಿ. ಆ ಸಿರಾದ ಸಾಬ್ರಿಗೆ ಹೇಳಿ, ಸೊಟ್ಟಗೆ ಮಾಡಿಕೊಡ್ತಾರೆ. ಉಣ್ಣೋ ಅನ್ನದ ಮುಂದೆ ಇಂಗ್ ಕೂರ್ಬೇಡಿ" ಅಂದರು.

ಅವರು ಅಂದದ್ದು ಚುಚ್ಚಲಿಕ್ಕೆ. ಇವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖವನ್ನೇ ನೋಡಿದರು. ಕೈ ತೊಳೆದವರು ನೇರ ಸಿರಾ ಬಸ್ಸು ಹತ್ತಿದರು.

ಸಿರಾದ ಖಾದರ್ ಸಾಬರು ಮರಗೆಲಸದವರು. ಮಂಚ, ಬಾಗಿಲು, ಜಟಕಾ ಗಾಡಿ ಮಾಡುವ ಕೈಗಳೇ ಕೋವಿಯ ಮರವನ್ನೂ ಮಾಡುತ್ತಿದ್ದವು. ಹೆಗಲಿಗೆ ಒರಗುವ ಆ ಹಿಂದಿನ ಮರಕ್ಕೆ ಅವರು ಕುಂದಾ ಅನ್ನುತ್ತಿದ್ದರು. ಬಲಹೆಗಲಿನಿಂದ ಹೊರಟ ಕುಂದಾ ಮುಖದ ಮುಂದೆ ಎಡಕ್ಕೆ ತಿರುಗಿ ನಳಿಗೆಯನ್ನು ಎಡಗಣ್ಣಿನ ಎದುರಿಗೆ ತಂದು ನಿಲ್ಲಿಸಬೇಕು, ಇದು ಬೇಡಿಕೆ. ಸಾಬರು ಗಡ್ಡ ಕೆರೆದುಕೊಂಡು, "ಸಾವ್ಕಾರ್ರೇ, ಸೀದಾ ಮರ ಕಡಿದು ಟೇಡಾ ಮಾಡಿದ್ರೆ ಒಂದೇ ಧಕ್ಕಾಗೆ ಟೂಟ್ ಹೋಗ್ತೈತೆ. ಆ ಅಲ್ಲಾನೇ ಸೊಟ್ಟಗೆ ಬೆಳೆಸಿರೋ ಮರ ತನ್ನಿ" ಅಂದರಂತೆ.

ಅಲ್ಲಿಂದ ಶುರುವಾಯಿತು ನಮ್ಮ ಸೊಟ್ಟ ಮರದ ಬೇಟೆ. ರಜೆ ಬಂದರೆ ಇವರು ನನ್ನನ್ನು ಸೈಕಲ್ಲಿನ ಹಿಂದೆ ಹೇರಿಕೊಂಡು ಹೊರಡುವರು. ನಮ್ಮ ಸೀಮೆಯಲ್ಲಿ ಹುಣಸೆ ಮರಕ್ಕೇನು ಬರ? ಒಂದೊಂದರ ಬುಡದಲ್ಲೂ ನಿಂತು ಇವರು ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ, ಕೊಂಬೆಗಳನ್ನು ನೋಡುವರು. ನನಗೂ ಅದೇ ಚಾಳಿ ಅಂಟಿ ನಾನೂ ಕತ್ತು ವಾಲಿಸುವೆ. ನೋಡಿದವರು ನಾವು ಫಸಲು ಗುತ್ತಿಗೆ ಹಿಡಿಯಲು ಬಂದ ವ್ಯಾಪಾರಿಗಳೆಂದೇ ತಿಳಿದರು. ಕೊಳಾಲದ ಹತ್ತಿರ ಒಬ್ಬ ಮುದುಕ ಓಡಿ ಬಂದು, "ಕಾಯೆಲ್ಲ ಆ ಕಡೆ ಮಗ್ಗುಲಾಗೈತೆ ಸ್ವಾಮಿ, ಇಲ್ಲೇನು ನೋಡ್ತೀರಾ?" ಅಂದ. "ಕಾಯಿ ಬ್ಯಾಡ ಕಣಣ್ಣ, ನಿನ್ ಮರದಾಗೆ ಸೊಟ್ಟಗಿರೋ ಕೊಂಬೆ ಯಾವ್ದು?" ಎಂದು ಇವರು ಕೇಳಿದರು. ಮುದುಕ ನಮ್ಮಿಬ್ಬರ ಮುಖ ನೋಡಿ, ಕಾಯಿ ಬೇಡದ ಹುಣಸೆ ವ್ಯಾಪಾರಿಗಳನ್ನು ಏನೆಂದುಕೊಂಡನೋ, ಮೆಲ್ಲಗೆ ಮನೆಗೆ ಹೋದ. ಕೊನೆಗೆ ಬೇಕಾದ ಬಾಗು ಸಿಕ್ಕಿದ್ದು ಕಳ್ಳಂಬೆಳ್ಳದ ಕೆರೆಯ ಬಳಿ, ಗಾಳಿಗೆ ಬಿದ್ದು ಒಣಗಿದ್ದ ಮರವೊಂದರಲ್ಲಿ. ಇವರು ಆ ಕೊಂಬೆಯನ್ನು ತಬ್ಬಿಕೊಂಡುಬಿಟ್ಟರು.

ಸಾಬರು ಕೆಲಸವನ್ನು ಅವಸರದಲ್ಲಿ ಮಾಡುವವರಲ್ಲ. ಒಂದು ಸಲ ನಾನೂ ಜೊತೆಗಿದ್ದೆ. "ಕಣ್ಣು ಬಂದ್ ಮಾಡಿ ಎತ್ತಿ ಸಾವ್ಕಾರ್ರೇ. ಹಾಂ, ಈಗ ಕಣ್ಣು ಬಿಡಿ. ಮಖ್ಖಿ ಕಾಣ್ತಾ ಐತಾ?" ಅನ್ನುವರು. ಮಖ್ಖಿಯೆಂದರೆ ನಳಿಗೆಯ ತುದಿಯ ಹಿತ್ತಾಳೆ ಕಾಳು. "ಅರ್ಧ ಕಾಣ್ತದೆ" ಎಂದರೆ ಬಿಚ್ಚಿ ಮತ್ತೆ ಉಜ್ಜುವರು. ಕೆನ್ನೆ ಊರುವ ಕಡೆ ಹಳ್ಳ ತೋಡಿ, ಮತ್ತೆ ಎತ್ತಿಸಿ, ಇವರ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡುವರು. ಕೊನೆಗೊಂದು ಸಂಜೆ ಇವರು ಕಣ್ಣು ತೆರೆದು, ಪೂರಾ ಕಾಣುತ್ತಿದ್ದ ಮಖ್ಖಿಯನ್ನೇ ನೋಡುತ್ತ ನಿಂತರು. ಎಡಗಣ್ಣಲ್ಲಿ ನೀರಿತ್ತು. ಸಾಬರು ಉಳಿಯನ್ನು ಕೆಳಗಿಟ್ಟು ಬೀಡಿ ಹಚ್ಚಿದರು.

ಮುಂದಿನ ವಿಜಯದಶಮಿಗೆ ಅದೇ ಕುಡಿಕೆ ಕಂಕುಳಲ್ಲಿ ಗುಡ್ಡಕ್ಕೆ ಹೋಯಿತು. ಸುತ್ತಿದ್ದ ಬಟ್ಟೆ ಬಿಚ್ಚಿ ಆ ಕೋವಿಯನ್ನು ಹೊರತೆಗೆದಾಗ ನಗದವರಿಲ್ಲ. "ಹನುಮಂತಣ್ಣ ಕುಡುಗೋಲು ತಂದವ್ನೆ ಕಣ್ಲಾ, ರಾಗಿ ಕುಯ್ಲಿಗೆ" ಎಂದ ಒಬ್ಬ. ಇವರಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಬಲಹೆಗಲಿಗೆ ಏರಿಸಿದರು, ಕೆನ್ನೆ ತನ್ನ ಹಳ್ಳವನ್ನು ಹುಡುಕಿಕೊಂಡಿತು. ನಾನು ಕಿವಿ, ಕಣ್ಣು ಎರಡೂ ಮುಚ್ಚಿಕೊಂಡೆ. ಸದ್ದು ಕೇಳಿ ಕಣ್ಣು ಬಿಟ್ಟಾಗ ಕೊಂಬೆಯಲ್ಲಿ ಹಗ್ಗವೊಂದೇ ತೂಗುತ್ತಿತ್ತು.

ಓಬಳರೆಡ್ಡಿ ಅವರನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ. ಆಮೇಲೆ ಖಾಲಿ ಕೋವಿಯನ್ನು ಕೇಳಿ ಪಡೆದು ತನ್ನ ಹೆಗಲಿಗಿಟ್ಟು, ಕತ್ತನ್ನು ಆ ಕಡೆ ಈ ಕಡೆ ವಾಲಿಸಿ ಸೋತ. "ಇದೇಂ ತುಪಾಕಿ ಅಣ್ಣಾ, ನಾಕೇಮೀ ಕನಪಡ್ಲೇದು" ಅಂದ. ತನಗೆ ಏನೂ ಕಾಣುತ್ತಿಲ್ಲವೆಂದು ಅವನು ದೂರುತ್ತಿದ್ದರೆ ಇವರು, "ನಿಂಗ್ ಕಾಣ್ದಂಗೇ ಮಾಡ್ಸಿರೋದು ಕಣಯ್ಯ" ಎಂದು ಮಗುವಿನಂತೆ ನಕ್ಕರು. ಆ ನಗುವಿನೊಂದಿಗೇ ನನಗೆ ಅವರು ಈಗಲೂ ನೆನಪಾಗುವುದು.

ಅದಾದ ಮೇಲೂ ಕೆಲವು ವರ್ಷ ಕುಡಿಕೆಗಳು ಒಡೆದವು. ಅಷ್ಟರಲ್ಲಿ ನನಗೆ ಕೊರಟಗೆರೆಗೆ ವರ್ಗವಾಯಿತು. ಹನುಮಂತರಾಯಪ್ಪನವರು ಕುಡಿಕೆ ಬಿಡದೆಯೇ, ಒಂದು ಬೆಳಿಗ್ಗೆ ಮಿಷನ್ನಿನ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವೆಂದು ಸುದ್ದಿ ಬಂತು. ಎಲೆಅಡಿಕೆ ತಟ್ಟೆ ಕೊನೆಗೂ ಅವರ ಮುಂದೆ ಬರಲಿಲ್ಲವಲ್ಲ ಎಂದುಕೊಂಡು, ಅಳುತ್ತ ಅಳುತ್ತ ನಾನು ನಕ್ಕೂ ಇದ್ದೇನೆ.

ತಿಂಗಳು ಕಳೆದು ನಾನು ಬಡವನಹಳ್ಳಿಗೆ ಹೋದಾಗ ಅವರ ನಡುಮನೆಯ ಗೋಡೆ ಬರಿದಾಗಿತ್ತು. ಲೈಸೆನ್ಸು ಯಾರ ಹೆಸರಲ್ಲಿತ್ತೋ ಅವರೇ ತೀರಿಹೋದ ಮೇಲೆ ಕೋವಿ ಮನೆಯಲ್ಲಿಡುವಂತಿರಲಿಲ್ಲ. ಜೋಡುನಳಿಗೆಯನ್ನು ಕಾಯಿದೆ ಪ್ರಕಾರ ಓಬಳರೆಡ್ಡಿಯೇ ಕೊಂಡಿದ್ದ. ಅವನು ಬಂದ ದಿನ ಏನಾಯಿತೆಂದು ರಂಗಮ್ಮನವರು ಹೇಳಿದರು. ಅವನು ಆ ಕೋವಿಯನ್ನು ಹೆಗಲಿಗಿಟ್ಟು, ಬಲಗಣ್ಣು ಮುಚ್ಚಿ, ಬಹಳ ಹೊತ್ತು ಕತ್ತು ಚಾಚಿ ನೋಡಿದನಂತೆ. ಆಮೇಲೆ ಕೂತು, ತಿರುಪುಮೊಳೆಗಳನ್ನು ಒಂದೊಂದಾಗಿ ತಾನೇ ಬಿಚ್ಚಿ, "ಇನುಮು ನಾನು ತಗೊಂಡೋಗ್ತೀನಿ ಅಕ್ಕಾ, ಸಾಬ್ರ ತಾವ ಸೀದಾ ಕುಂದಾ ಹಾಕಿಸ್ಕಂತೀನಿ. ಇದು ಅಣ್ಣಂದು. ಇದ್ನ ಕಡಿಯಾಕೆ ನನ್ ಕೈಲಾಗಲ್ಲ" ಎಂದು ಕಬ್ಬಿಣವನ್ನಷ್ಟೇ ಒಯ್ದಿದ್ದ.

ಹುಣಸೆ ಮರದ ಕುಂದಾವನ್ನು ರಂಗಮ್ಮನವರು ಒಳಗಿನಿಂದ ಸೆರಗಿನಲ್ಲಿ ಒರೆಸುತ್ತ ತಂದು ನನ್ನ ಕೈಗಿಟ್ಟರು. ಕೆನ್ನೆಯ ಹಳ್ಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಅದೇನು ತೋಚಿತೋ, ಬಲಹೆಗಲಿಗೆ ಏರಿಸಿ, ಅವರಂತೆ ಬಲಗಣ್ಣು ಮುಚ್ಚಿ, ಆ ಹಳ್ಳಕ್ಕೆ ಕೆನ್ನೆಯಿಟ್ಟೆ. ಅದು ನನ್ನ ಕೆನ್ನೆಗೆ ಹೊಂದಲಿಲ್ಲ. ಎಡಗಣ್ಣಿನ ಎದುರಿಗೆ ನಳಿಗೆಯಿರಬೇಕಾದ ಕಡೆ ರಂಗಮ್ಮನವರ ಮುಖವಿತ್ತು.

"ಯಾರ ಕಡೀಕೂ ತೋರಿಸ್ಬಾರ್ದು ಮೇಷ್ಟ್ರೇ" ಅಂದರು.

ನಾನು ಆ ಮರದ ತುದಿಯನ್ನು ನೆಲಕ್ಕಿಳಿಸಿದೆ.