ಗೋಡೆಯಾಚೆಯ ರೊಟ್ಟಿ ಸದ್ದು

ಚಿಕ್ಕಂದಿನ ದಿನಗಳು ಎಂದರೆ ಬೇರೆಯವರ ನೆನಪಿನಲ್ಲಿ ಹಳ್ಳ, ಹುಣಸೆಮರ, ಗಾಳಿಪಟ ಇರುತ್ತವೆ. ನನ್ನ ಪಾಲಿಗೆ ಆ ದಿನಗಳೆಂದರೆ ಒಂದು ಗೋಡೆ. ಕೊರೊನಾ ಬಂದ ವರ್ಷ ನಾನು ಆರನೇ ತರಗತಿ. ಮಸ್ಕಿಯ ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ನಮಗೂ ಪಕ್ಕದ ಹುಸೇನಬಿಯ ಮನೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಅಡುಗೆಮನೆಯಲ್ಲಿ ದೀಪ ಇಡುವ ಗೂಡನ್ನು ಎರಡೂ ಕಡೆಯಿಂದ ಕೊರೆದಿದ್ದರಿಂದ ಅಲ್ಲಿ ಗೋಡೆ ತೆಳ್ಳಗಿತ್ತು. ಗೂಡಿಗೆ ಬಾಯಿಟ್ಟು ಮಾತಾಡಿದರೆ ಆ ಕಡೆ ಕೇಳುತ್ತಿತ್ತು.

ಅವ್ವ ಸಹಿತ ಯಾರೂ ಹೊಸ್ತಿಲು ದಾಟಬಾರದೆಂದು ಅಪ್ಪನ ಕಟ್ಟಪ್ಪಣೆ. ಬಾಗಿಲಿಗೆ ಚಿಲಕ ಹಾಕಿ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಮನೆಯ ಕಟ್ಟೆ, ಅದರ ಮೇಲೆ ಹತ್ತಿ ಹಾರುವ ಒಂದು ಆಡಿನ ಮರಿ. ಅದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ನನಗಿಲ್ಲದ ಓಣಿ ಅದಕ್ಕಿತ್ತಲ್ಲ!

ನಾವು ಕಾಯುತ್ತಿದ್ದದ್ದು ಬೆಳಗಿನ ರೊಟ್ಟಿ ಹೊತ್ತಿಗೆ. ಈ ಕಡೆ ನಮ್ಮಪ್ಪನ ತಾಯಿ ಆಯಿ, ಆ ಕಡೆ ನಾನು ಚಿಗವ್ವ ಎಂದು ಕರೆಯುತ್ತಿದ್ದ ಹುಸೇನಬಿ ಜೋಳದ ರೊಟ್ಟಿ ಬಡಿಯಲು ಕೂತರೆ ಎರಡೂ ಮನೆಯ ದಪದಪ ಸದ್ದು ಬೇಡವೆಂದರೂ ಒಂದಕ್ಕೊಂದು ಕೂಡುತ್ತಿತ್ತು. ಚಿಗವ್ವನ ಮಗಳು ಶಬಾನಾ ನನ್ನ ಓರಗೆಯವಳು. ನಾವಿಬ್ಬರೂ ಗೂಡಿನ ಎರಡು ಬದಿಗೆ ತಾಟು ಹಿಡಿದು ನಿಂತು ಆ ಸದ್ದಿಗೆ ತಾಳ ಹಾಕುತ್ತಿದ್ದೆವು. ತಾಳಗಳಿಗೆ ಹೆಸರೂ ಇಟ್ಟಿದ್ದೆವು. ನಿಧಾನದ್ದು ಎತ್ತಿನ ಬಂಡಿ, ಜೋರಿನದು ಸಿಂಧನೂರು ಬಸ್ಸು. ಸುಟ್ಟ ರೊಟ್ಟಿಯ ವಾಸನೆ, ಹೊಗೆ, ಗದ್ದಲ, ನಡುವೆ ನಮ್ಮ ನಗು.

"ತಾಟ ತೂತ ಬೀಳೂತನಕ ಬಡೀರಿ, ಆಮ್ಯಾಲ ಅಂಗೈಯಾಗ ಉಣ್ಣೀರಂತ," ಎಂದು ಆಯಿ ಬೈಯುತ್ತಲೇ ತಾನೂ ಬಸ್ಸಿನ ವೇಗಕ್ಕೆ ಬರುತ್ತಿದ್ದಳು.

"ಗಂಗೂ, ಹೊರಗ ಬಿಟ್ಟ ಮ್ಯಾಲ ಮೊದ್ಲ ಎಲ್ಲಿಗೆ ಹೋಗೂಣು?" ಎಂದು ಶಬಾನಾ ಕೇಳುವಳು.

"ಗುಡ್ಡಕ್ಕ. ತುದೀತನಕ."

ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಆದರೂ ಕೇಳದೆ ಅವಳಿಗೆ ಸಮಾಧಾನವಿಲ್ಲ, ಹೇಳದೆ ನನಗಿಲ್ಲ.

ಒಂದು ಬೆಳಿಗ್ಗೆ ಆ ಕಡೆ ಸದ್ದಾಗಲಿಲ್ಲ. ಹುಸೇನಬಿ ಚಿಗವ್ವನಿಗೆ ಜ್ವರ ಬಂದು ಉಸಿರು ಕಟ್ಟುತ್ತಿತ್ತು. ಅಂಬುಲೆನ್ಸ್ ಅವಳನ್ನು ಸಿಂಧನೂರಿನ ಆಸ್ಪತ್ರೆಗೆ ಒಯ್ದಿತು. ಸಂಜೆಗೆ ಪುರಸಭೆಯವರು ಬಂದು, ಯಾರೂ ಹೊರಬರದಂತೆ ಅವರ ಬಾಗಿಲಿಗೆ ಅಡ್ಡಲಾಗಿ ತಗಡು ಬಡಿದರು. ಒಳಗೆ ಉಳಿದವರು ಶಬಾನಾ, ಅವಳ ಅಬ್ಬಾ, ಸಣ್ಣ ತಮ್ಮ ರಫೀಕ. ಪುಣ್ಯಾತ್ಮರು ಯಾರೋ ತಗಡಿನ ಸಂದಿಯಲ್ಲಿ ಹಿಟ್ಟು, ಕಾಯಿಪಲ್ಲೆ ಇಟ್ಟು ಓಡಿಹೋಗುತ್ತಿದ್ದರು. ಅಬ್ಬಾನಿಗೆ ಬರುತ್ತಿದ್ದದ್ದು ಬರೀ ಅನ್ನ ಬೇಯಿಸಲು, ಅದೂ ಮುದ್ದೆಯಾಗುವಂತೆ. ರೊಟ್ಟಿ ಬೇಕೆಂದು ರಫೀಕ ಅಳುವುದು ನಮ್ಮ ತಾಟಿನ ಮುಂದೆಯೇ ಕೂತು ಅತ್ತಂತೆ ಕೇಳುತ್ತಿತ್ತು. ನಾನು ತಾಟು ಸರಿಸಿಬಿಡುತ್ತಿದ್ದೆ.

"ನಾಕ ರೊಟ್ಟಿ ಸಂದ್ಯಾಗ ಇಟ್ಟ ಬರ್ತೀನಿ," ಎಂದು ಆಯಿ ಎದ್ದಳು.

"ನಮ್ಮ ಬಾಗ್ಲಕ್ಕೂ ತಗಡ ಬಡಿಸ್ಕೋಬೇಕಂತ ಮಾಡೀಯೇನ? ಸುಮ್ನ ಕುಂದ್ರು ಯವ್ವಾ," ಎಂದ ಅಪ್ಪ. ಕೆಟ್ಟವನಲ್ಲ ಅಪ್ಪ, ಹೆದರಿದ್ದ. ಆಗ ನನಗದು ತಿಳಿಯಲಿಲ್ಲ. ಅವನ ಮೇಲೆ ಮುನಿಸಿಕೊಂಡು ಮೂಲೆಯಲ್ಲಿ ಕೂತೆ.

ಮರುದಿನ ಗೂಡಿನಾಚೆ ಒಂದು ಸದ್ದು. ದಪ್... ದಪದಪ್... ನಿಂತಿತು. ಮತ್ತೆ ದಪ್. ಆಯಿ ತನ್ನ ಕೈ ನಿಲ್ಲಿಸಿ ಕಿವಿಗೊಟ್ಟಳು.

"ಹೊಸ ಕೈ. ಹಿಟ್ಟ ಬಿರಿಯಾಕತ್ತೈತಿ." ಗೂಡಿಗೆ ಬಾಯಿಟ್ಟು ಕೂಗಿದಳು: "ಶಬಾನಾ, ಎಸರ ಹಾಕೀಯೇನ?"

ಎಸರೆಂದರೆ ಕುದಿಯುವ ನೀರು. ಅದಿಲ್ಲದೆ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ. ಶಬಾನಾ ಚಪಾತಿಗೆ ಕಲಸಿದಂತೆ ತಣ್ಣೀರಿನಲ್ಲಿ ನಾದಿದ್ದಳು.

"ಇಲ್ಲ ಆಯಿ," ಎಂದಳು ಅಳುತ್ತ. "ಅಮ್ಮೀ ಹಿಟ್ಟ ನಾದೂದಷ್ಟ ನಾ ನೋಡೀನಿ."

"ಅಳಬ್ಯಾಡ. ನೀರ ಕುದೀಲಿ. ನಾ ಬಡಿದಂಗ ನೀ ಬಡಿ."

ಅಂದಿನಿಂದ ಗೂಡೇ ಶಾಲೆ. ಆಯಿ ನಿಧಾನವಾಗಿ ಬಡಿದು ನಿಲ್ಲಿಸುವಳು, ಆ ಕಡೆಯಿಂದ ಉತ್ತರ ಬರುವುದು. ಎತ್ತಿನ ಬಂಡಿಯ ತಾಳ ಈಗ ರೊಟ್ಟಿಯ ತಾಳವಾಯಿತು. ನಾನೂ ಹಿಟ್ಟು ಹಿಡಿದು ಕೂತೆ. ನನ್ನ ರೊಟ್ಟಿಗೆ ಮೂಲೆಗಳಿದ್ದವು, ಅವಳದಕ್ಕೆ ತೂತುಗಳಂತೆ. ಯಾರದು ಹೆಚ್ಚು ಕೆಟ್ಟಿದೆ ಎಂದು ಗೋಡೆಯ ಮೂಲಕ ಜಗಳವಾಡಿ ನಗುತ್ತಿದ್ದೆವು. ತಗಡಿನ ಮನೆಯಿಂದ ಮತ್ತೆ ನಗು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

"ಅಬ್ಬಾ ಏನಂದ?" ಎಂದು ಕೇಳಿದ್ದೆ.

"ಇನ್ನೊಂದ ಹಾಕು ಅಂದ."

ಒಂದು ಬೆಳಿಗ್ಗೆ ಆ ಕಡೆಯಿಂದ ಎಲ್ಲೂ ತಡವರಿಸದ, ತುಂಬಿದ ಸದ್ದು ಬಂತು. ಆಯಿಯ ಮುಖ ಅರಳಿತು. "ಹುಸೇನಬಿ ಬಂದಾಳ ನೋಡ!"

ನಾನು ಗೂಡಿಗೆ ಹಾರಿ, "ಚಿಗವ್ವಾ!" ಎಂದು ಕೂಗಿದೆ.

ಸದ್ದು ನಿಂತಿತು. "ನಾನ ಅದೀನಿ, ಗಂಗೂ," ಎಂದಳು ಶಬಾನಾ. ಆ ದನಿಯಲ್ಲಿ ಎಂಥ ಹೆಮ್ಮೆ!

ಕೆಲವು ದಿನಗಳಲ್ಲಿ ಚಿಗವ್ವ ನಿಜಕ್ಕೂ ಬಂದಳು. ತಗಡು ಕಿತ್ತರು, ನಮ್ಮ ಚಿಲಕವೂ ತೆರೆಯಿತು. ನಾನು ಚಪ್ಪಲಿ ಮೆಟ್ಟಿ ಅವರ ಬಾಗಿಲಿಗೆ ಓಡಿದೆ. ಚಿಗವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು, ಅಷ್ಟಕ್ಕೇ ಏದುಸಿರು. ಒಲೆಯ ಮುಂದೆ ಶಬಾನಾ ಇದ್ದಳು.

"ಗುಡ್ಡಕ್ಕ ಬಾ!"

"ರೊಟ್ಟಿ ಆಗ್ಲಿ, ಬರ್ತೀನಿ," ಎಂದಳು.

ಬಿಸಿಲೇರುವವರೆಗೂ ಕಟ್ಟೆಯ ಮೇಲೆ ಕಾದೆ. ರೊಟ್ಟಿ ಆದಮೇಲೆ ಬಟ್ಟೆ, ಬಟ್ಟೆ ಆದಮೇಲೆ ನೀರು. ಆ ದಿನ ಅವಳು ಬರಲಿಲ್ಲ. ಚಿಗವ್ವನ ಉಸಿರು ಮತ್ತೆಂದೂ ರೊಟ್ಟಿ ಬಡಿಯುವಷ್ಟು ಸುಧಾರಿಸಲಿಲ್ಲ. ಶಾಲೆ ತೆರೆದಾಗ ಶಬಾನಾಳ ಜಾಗ ಖಾಲಿಯೇ ಉಳಿಯಿತು.

ಈಗ ನಾನು ಲಿಂಗಸುಗೂರಿನಲ್ಲಿ ಪಿಯುಸಿ ಓದುತ್ತಿದ್ದೇನೆ. ಆಯಿ ಇಲ್ಲ. ಅವ್ವ ಅಂಗಡಿಯಿಂದ ಒಣಗಿಸಿದ ಕಟಕ್ ರೊಟ್ಟಿ ತರುತ್ತಾಳೆ, ನಮ್ಮ ಕಡೆ ಗೋಡೆ ಮೂಕವಾಗಿದೆ. ಗುಡ್ಡವನ್ನು ನಾನು ಗೆಳತಿಯರೊಂದಿಗೆ ಎಷ್ಟೋ ಸಲ ಹತ್ತಿದ್ದೇನೆ. ತುದಿಯಿಂದ ನಮ್ಮ ಓಣಿ ಕಾಣುತ್ತದೆ.

ಮೊನ್ನೆ ಊರಿಗೆ ಬಂದ ಬೆಳಿಗ್ಗೆ ಆಚೆಯಿಂದ ಅದೇ ತುಂಬಿದ ಸದ್ದು. ತಾಟು ತೆಗೆದುಕೊಂಡು ಗೂಡಿನ ಮುಂದೆ ನಿಂತು ಸಿಂಧನೂರು ಬಸ್ಸು ಬಡಿದೆ. ಆ ಕಡೆ ಕೈ ನಿಂತಿತು.

"ಗಂಗೂ, ಯಾವಾಗ ಬಂದಿ?"

"ಈಗ. ಗುಡ್ಡಕ್ಕ ಬರ್ತೀಯೇನ?"

ಅವಳು ನಕ್ಕಳು. "ತಡಿ ಬೇ," ಎಂದಳು, "ಇನ್ನೂ ಹಿಟ್ಟ ಐತಿ."