ಎರಡನೇ ಭಾಗ

ನಮ್ಮ ಚಿಕ್ಕೋಡಿಯ ಓದುಗರ ಕೂಟಕ್ಕೆ ಇರುವುದು ಒಂದೇ ಕೆಲಸ. ತಿಂಗಳಿಗೊಂದು ಭಾನುವಾರ ಅಡತಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರುವುದು, ಸದ್ಯ ಯಾವ ಪುಸ್ತಕ ಓದುತ್ತಿದ್ದೇವೆ ಎಂದು ಒಬ್ಬೊಬ್ಬರಾಗಿ ಹೇಳುವುದು, ಚಹಾ ಭಜಿ ಮುಗಿಸಿ ಮನೆಗೆ ಹೋಗುವುದು. ಪುಸ್ತಕ ಕೈಯಲ್ಲಿ ಇರಲೇಬೇಕು. ಕಥೆ ಎಷ್ಟು ಬೇಕಾದರೂ ಹೇಳಬಹುದು, ಮುಂದೇನಾಯಿತು ಎಂದು ಮಾತ್ರ ಬಿಟ್ಟುಕೊಡುವಂತಿಲ್ಲ. ಬಾಯಿ ಜಾರಿದವರು ಅವತ್ತಿನ ಭಜಿ ಕೊಡಿಸಬೇಕು. ಈ ನಿಯಮ ಮಾಡಿದವರು ಕೂಟದ ಹಿರಿಯರು, ನಿವೃತ್ತ ಹೆಡ್‌ಮಾಸ್ತರರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ. ಈಗ ಅಭ್ಯಾಸಬಲದಿಂದ ಅನ್ನುತ್ತೇನೆ, ಅಷ್ಟೇ.

ಓದುಗರ ಕೂಟದಲ್ಲಿ ಓದುವವರು ಎಷ್ಟು ಮಂದಿ ಎಂದು ಮಾತ್ರ ಕೇಳಬೇಡಿ. ಅಥಣಿಯಿಂದ ಬರುವ ವಕೀಲರು ಹೊಸ ಪುಸ್ತಕವನ್ನು ಚಹಾದ ಕಪ್ಪಿನ ಪಕ್ಕ ಇಟ್ಟು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಚಹಾ ಆರುವ ಮೊದಲೇ ಅವರ ಓದು ಮುಗಿದಿರುತ್ತದೆ. ರಾಯಬಾಗದ ಕಾಲೇಜು ಮಾಸ್ತರರು ಪುಸ್ತಕದ ಬೆನ್ನ ಮೇಲೆ ಅಚ್ಚಾದದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು, ತಾವೇ ಕಂಡುಕೊಂಡ ಹಾಗೆ ತಡೆದು ತಡೆದು ಒಪ್ಪಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಹಾಗೆ.

ನಿಜವಾಗಿ ಓದುತ್ತಿದ್ದವಳು ನಮ್ಮ ಓಣಿಯ ಆಪಾ. ನಿಪ್ಪಾಣಿಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಚಿಕ್ಕೋಡಿಯ ಗಾದಿ ಹೊಲಿಯುವ ಮನೆಗೆ ಸೊಸೆಯಾಗಿ ಬಂದ ಮೇಲೆ, ಮಗನ ಶಾಲೆಯ ಪುಸ್ತಕ ಹಿಡಿದು ಕನ್ನಡ ಅಕ್ಷರ ಕಲಿತಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು. ಆಕೆ ಇಲ್ಲದಾಗ ವಕೀಲರು ಆ ಬೆರಳನ್ನೂ ತುಟಿಯನ್ನೂ ಅಣಕಿಸಿ ತೋರಿಸುತ್ತಿದ್ದರು. ಕೂಟ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಆಕೆಗೆ ಒಂದು ದಪ್ಪ ಹಳೆಯ ಕಾದಂಬರಿಯ ಮೊದಲ ಭಾಗ ಕೊಟ್ಟವರು ಸರ್. ಹೊಳೆದಂಡೆಯ ದೊಡ್ಡ ಮನೆಯೊಂದರ ಕಿರಿಸೊಸೆಯ ಕಥೆ ಅದು. ಬಡಿತ ತಾಳಲಾರದೆ ಆ ಹುಡುಗಿ ಒಂದು ಸಂಜೆ ಕೂಸನ್ನು ಎತ್ತಿಕೊಂಡು, ತುಂಬಿದ ಹೊಳೆಯಲ್ಲಿ ದೋಣಿ ಹತ್ತುತ್ತಾಳೆ. ದೋಣಿ ನಡುನೀರಿನಲ್ಲಿ ಇರುವಾಗ ಮೊದಲ ಭಾಗ ಮುಗಿಯುತ್ತದೆ. ಎರಡನೇ ಭಾಗ ಸರ್ ಬಳಿ. ಬೇರೆಲ್ಲೂ ಸಿಗುವಂತಿರಲಿಲ್ಲ. ನಾನು ನಿಪ್ಪಾಣಿ, ಬೆಳಗಾವಿ ಎಲ್ಲ ಕಡೆ ವಿಚಾರಿಸಿದ್ದೆ, ಅಚ್ಚು ನಿಂತು ಎಷ್ಟೋ ಕಾಲವಾಗಿತ್ತು.

"ಸದ್ಯ ನಾ ಎರಡನೇ ಭಾಗ ಓದಾಕತ್ತೀನಿ" ಎಂದು ಸರ್ ಪ್ರತಿ ತಿಂಗಳೂ ಅದನ್ನು ಎತ್ತಿ ತೋರಿಸುತ್ತಿದ್ದರು. ಒಳಗಿಟ್ಟ ಕೆಂಪು ದಾರ ತಿಂಗಳಿಂದ ತಿಂಗಳಿಗೆ ಮುಂದೆ ಸರಿದಿರುತ್ತಿತ್ತು. ಆಪಾ ಅವರ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದಳು.

"ಆಕಿ ದಾಟಿದ್ಳೇನ್ರಿ ಸರ?"

ಸರ್ ಕಣ್ಣು ಮುಚ್ಚಿ ನಗುತ್ತಿದ್ದರು. "ಅವಸರ ಮಾಡಬ್ಯಾಡ್ರಿ. ನಾ ಮುಗಿಸಿ ನಿಮಗs ಕೊಡ್ತೀನಿ. ಅಲ್ಲೀತನಕ ಆ ಅಂಬಿಗನ ಮ್ಯಾಲ ಒಂದ್ ಕಣ್ಣ ಇಡ್ರಿ."

ಅಷ್ಟು ಸಾಕಾಗುತ್ತಿತ್ತು ಆಕೆಗೆ. ಅಂಬಿಗ ಎಂಥವನು, ಎಲ್ಲೆಲ್ಲಿ ಏನೇನು ಮಾತಾಡಿದ್ದ ಎಂದು ಮೊದಲ ಭಾಗವನ್ನು ಮತ್ತೆ ತಿರುವಿ ಹಾಕುತ್ತಿದ್ದಳು. ಸಂಜೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತು, "ನನಗ ಒಂದ್ ಹೊಳದೈತಿ, ಸರಗ ಹೇಳಬೇಕು" ಎನ್ನುತ್ತಿದ್ದಳು. ಮುಂದಿನ ಭಾನುವಾರ ಹೇಳುತ್ತಿದ್ದಳು. ಸರ್ ತಲೆದೂಗುತ್ತಿದ್ದರು. ಗಾದಿಯ ಹತ್ತಿಯಲ್ಲೇ ದಿನ ಕಳೆದ ಹೆಂಗಸಿಗೆ ಹೆಡ್‌ಮಾಸ್ತರರೊಬ್ಬರು ಸರಿಸಮ ಕೂತು ಪುಸ್ತಕದ ಮಾತಾಡುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. ಅದನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು.

ಆಮೇಲೆ ಆಕೆಗೆ ಹೊಟ್ಟೆನೋವು ಹಿಡಿಯಿತು. ಮಿರಜಿಗೆ ಒಯ್ದು ತೋರಿಸಿದರು. ಅಲ್ಲಿಯವರು ಎಲ್ಲ ಪರೀಕ್ಷೆ ಮಾಡಿ, ಮನೆಗೆ ಕರಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಅಂದರು. ಹಾಗೆಂದರೇನು ಎಂದು ಎಲ್ಲರಿಗೂ ಗೊತ್ತು, ಆಕೆಗೂ ಗೊತ್ತಿತ್ತು.

ಕೂಟ ಮೋಸಂಬಿ ಹಿಡಿದು ನೋಡಲು ಹೋಯಿತು. ಹಾಸಿಗೆಯ ಸುತ್ತ ಕುರ್ಚಿ ಹಾಕಿಕೊಂಡು, ಅಲ್ಲಿಯೂ ಒಬ್ಬೊಬ್ಬರಾಗಿ ಸದ್ಯ ಓದುತ್ತಿರುವ ಪುಸ್ತಕ ಹೇಳಿದರು. ವಕೀಲರು ಕೈತೋಟದ ಪುಸ್ತಕವೊಂದನ್ನು ಹೊಗಳಿ, ಮುಂದಿನ ಮಳೆಗಾಲಕ್ಕೆ ನೀವೂ ಗಿಡ ಹಚ್ಚಿರಿ ಅಂದರು. ಸಾಯುವವಳ ಮುಂದೆ ಮುಂದಿನ ಮಳೆಗಾಲ! ಆಪಾ ಎಲ್ಲರದನ್ನೂ ಕೇಳಿಸಿಕೊಂಡಳು. ಕಡೆಗೆ ಸರ್ ಕಡೆ ಮುಖ ತಿರುಗಿಸಿದಳು.

"ಸರ, ನನಗಿನ್ನ ಓದೂದ ಆಗೂದಿಲ್ಲ. ಆಕಿ ದಾಟಿದ್ಳೋ ಇಲ್ಲೋ, ಅಷ್ಟ ಹೇಳ್ರಿ."

ಸರ್ ನಕ್ಕರು. "ನಿಯಮ ಅಂದ್ರ ನಿಯಮ್ರಿ. ನೀವ್ ಆರಾಮಾಗ್ರಿ, ಪುಸ್ತಕ ತಂದ ಕೊಡ್ತೀನಿ."

"ಭಜಿ ನಾ ಕೊಡಸ್ತೀನ್ರಿ" ಅಂದೆ. "ಹೌದು ಇಲ್ಲಾ, ಒಂದ್ ಮಾತ ಹೇಳ್ರಿ."

"ಛೇ, ಓದೂ ಸುಖಾ ಕಸಗೋಬಾರದ್ರಿ" ಅಂದರು ಸರ್. ರಾಯಬಾಗದ ಮಾಸ್ತರರು ಎಂಥಾ ದೊಡ್ಡ ಮಾತು ಎಂಬಂತೆ ತಲೆಯಾಡಿಸಿದರು. ಸರ್ ಸಮೇತ ಎಲ್ಲರೂ ಎದ್ದು ಒಟ್ಟಿಗೇ ಹೊರಟರು. ಆಪಾ ಮತ್ತೆ ಕೇಳಲಿಲ್ಲ.

ಮರುದಿನವೇ ಸರ್ ಮನೆಗೆ ಹೋದೆ. ಅವರು ಕಾಗವಾಡದಲ್ಲಿ ಯಾವುದೋ ವಾಚನಾಲಯದ ಉದ್ಘಾಟನೆಗೆ ಹೋಗಿದ್ದರು. ಅವರ ಹೆಂಡತಿ ಕಪಾಟು ತೆಗೆದು, ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟರು. "ಒಯ್ರಿ ಅಕ್ಕಾರ, ಅದರ ಧೂಳ ಹೊಡದ್ ಹೊಡದ್ ನನಗ ಸಾಕಾಗೇತಿ." ನಾನು ಚೀಲ ಕೂಡ ಬಿಚ್ಚದೆ ನೇರ ಆಪಾ ಬಳಿ ಓಡಿದೆ.

ಆಕೆ ಗೋಡೆಗೊರಗಿ ಕೂತಳು. ಪುಸ್ತಕ ನೋಡಿ ಮುಖ ಅರಳಿತು. ತಾನೇ ತೆರೆಯುತ್ತೇನೆ ಎಂದು ಕೈಚಾಚಿ ಇಸಿದುಕೊಂಡಳು. ಮೊದಲ ಹಾಳೆ ತೆರೆಯಲಿಲ್ಲ. ಮುಂದಿನದೂ ತೆರೆಯಲಿಲ್ಲ. ಅಚ್ಚಿನಮನೆಯವರು ಅಂಚು ಕತ್ತರಿಸುವುದನ್ನೇ ಮರೆತಿದ್ದರು. ಹಾಳೆಗಳೆಲ್ಲ ಎರಡೆರಡು ಜೋಡಿಯಾಗಿ ಅಂಚಿನಲ್ಲಿ ಕೂಡಿಕೊಂಡೇ ಇದ್ದವು. ಚಾಕು ಹಾಕದೆ ಯಾರೂ ಓದುವಂತಿರಲಿಲ್ಲ, ಯಾರೂ ಚಾಕು ಹಾಕಿರಲಿಲ್ಲ. ಆ ಕೆಂಪು ದಾರ ಮಾತ್ರ ಮುಕ್ಕಾಲು ಪುಸ್ತಕ ದಾಟಿ, ಎರಡು ಜೋಡಿ ಹಾಳೆಗಳ ಸಂದಿನಲ್ಲಿ ಆರಾಮಾಗಿ ಮಲಗಿತ್ತು.

ಆಪಾ ಆ ಅಂಚಿನ ಮೇಲೆ ಬೆರಳಾಡಿಸಿದಳು. ಮೊದಲಿಂದ ಕೊನೆಯವರೆಗೆ, ಸಾವಕಾಶ.

"ಹಂಗಾರ ಅಂಬಿಗನ ಮ್ಯಾಲ ಕಣ್ಣ ಇಡ್ರಿ ಅಂದದ್ದು?"

"ಚಾಕು ತರ್ತೀನಿ ಆಪಾ, ನಾನs ಓದಿ ಹೇಳ್ತೀನಿ" ಅಂದೆ.

"ಬ್ಯಾಡ." ಪುಸ್ತಕವನ್ನು ನನ್ನ ತೊಡೆಯ ಮೇಲೆ ದಬ್ಬಿದಳು. "ಇಷ್ಟ ದಿನಾ ನನ್ನ ಜೋಡಿ ಮಾತಾಡಿದವ್ರ ಯಾರ ಹಂಗಾರ? ನಾ ಒಬ್ಬಾಕೀನs ಮಾತಾಡಕೊಂತ ಕುಂತಿದ್ದೆ. ಒಯ್ಯಿ ಅದನ್ನ." ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಎಷ್ಟು ಕರೆದರೂ ಈ ಕಡೆ ಹೊರಳಲಿಲ್ಲ. ಆ ವಾರದಲ್ಲೇ ಹೋದಳು.

ಮಣ್ಣು ಮುಗಿದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು, ಕಾಯಿಪಲ್ಲೆ ಹೆಚ್ಚುವ ಚಾಕುವಿನಿಂದ ಹಾಳೆ ಬಿಡಿಸಿ ಓದಿದೆ. ಕೊನೆಯವರೆಗೆ ಹೋಗಬೇಕಾಗಿಯೇ ಇರಲಿಲ್ಲ. ಅಂಬಿಗ ಸುಳಿಯ ನೆಪ ಹೇಳಿ ದೋಣಿ ತಿರುಗಿಸುತ್ತಾನೆ. ಹೊರಟ ದಂಡೆಗೇ ತಂದು, ಬೆತ್ತ ಹಿಡಿದು ಕಾದಿದ್ದ ಭಾವಂದಿರ ಕೈಗೆ ಅವಳನ್ನೂ ಕೂಸನ್ನೂ ಒಪ್ಪಿಸುತ್ತಾನೆ. ಅವಳು ಮತ್ತೆಂದೂ ಆ ಮನೆಯ ಹೊಸ್ತಿಲು ದಾಟಲಿಲ್ಲ ಎಂದು ಅಲ್ಲೇ ಬರೆದಿದೆ.

ಕೂಟದವರು ಸಂತಾಪ ಸಭೆ ಇಟ್ಟರು. ಆಪಾಳ ಮಗನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಸರ್ ಮೈಕಿನ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ನಿಯಮಾನ ನಾನs ಮುರದೀನಿ, ಇವತ್ತ ಒಪ್ಪಗೋತೀನಿ. ಅವತ್ತ ನೋಡಾಕ ಹೋದಾಗ, ನೀವೆಲ್ಲಾ ಹೊರಗ ಹೋದ ಮ್ಯಾಲ ಆ ತಾಯಿ ಕಿವ್ಯಾಗ ಹೇಳಿದ್ನಿ. ಆಕಿ ದಾಟಿದ್ಳವ್ವಾ, ಅಂಬಿಗ ದಾಟಿಸಿದ, ಅಂತ. ನಕ್ಕೊಂತ ಕಣ್ಣ ಮುಚ್ಚಿದ್ರು."

ಹಾಲ್‌ನಲ್ಲಿ ಮೂಗು ಸೀಟುವ ಸದ್ದು. ವಕೀಲರು ಕರ್ಚೀಫು ತೆಗೆದರು. ನಾನು ಎದ್ದು ನಿಂತೆ, ಚೀಲದಿಂದ ಎರಡನೇ ಭಾಗ ತೆಗೆದು ಕೈಯಲ್ಲಿ ಹಿಡಿದೆ. ನಾನು ಓದಿ ಬಿಟ್ಟಲ್ಲಿಂದ ಮುಂದೆ ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು. ಎಲ್ಲರೆದುರು ಆ ಸರ್‌ನ ಮಾನ ಹರಾಜು ಹಾಕಲೆಂದೇ ತಂದಿದ್ದೆ. ಪುಸ್ತಕ ಕಂಡದ್ದೇ ಸರ್ ಮಾತು ನಿಂತುಹೋಯಿತು. ಸಭೆಯೆಲ್ಲ ನನ್ನ ಕಡೆ ತಿರುಗಿತು, ಮಗನೂ ತಿರುಗಿದ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

"ಅಕ್ಕಾರ, ಅಮ್ಮಿ ಕಡೀಗಿ ನನ್ನ ಜೋಡೀನೂ ಮಾತ ಬಿಟ್ಟಿದ್ಲ್ರಿ. ಏನ್ ಸಂಕಟಾನೋ ಏನೋ ಅಂತ ಒದ್ದಾಡಾಕತ್ತಿದ್ದೆ. ಸರ್ ಹೇಳಿದ್ದ ಕೇಳಿ ಈಗ ಜೀವಕ ಸಮಾಧಾನ ಆತು." ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದ, "ನೀವೂ ಓದೀರೇನ್ರಿ? ದಾಟಿದ್ಳಲ್ರಿ ಆಕಿ?"

ಅವನ ಮುಖ ನೋಡಿದೆ.

"ಹೌದಪಾ" ಅಂದೆ. "ದಾಟಿದ್ಳು."

ಸರ್ ಬಿಟ್ಟ ಉಸಿರು ಮೈಕಿನಲ್ಲಿ ಹಾಲ್‌ಗೆಲ್ಲ ಕೇಳಿಸಿತು.